ಬಿಳಿಯಲ್ಲದ ‘ಶ್ವೇತಕುಬ್ಜ’ಗಳು

ಫೆಬ್ರವರಿಯ ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬಂದು ದಕ್ಷಿಣದತ್ತ ತಲೆ ಎತ್ತಿದರೆ ಇಡೀ ಆಕಾಶದಲ್ಲೇ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಕಣ್ಣಿಗೆ ಬೀಳುತ್ತದೆ. ಅದೇ ಲುಬ್ಧಕ. ಭೂಮಿಯಿಂದ ಅದರ ದೂರ 8.6 ಜ್ಯೋತಿರ್ವರ್ಷ. ಬರಿಗಣ್ಣಿಗೆ ಒಂಟಿಯಾಗಿ ಕಾಣುವ ಈ ನಕ್ಷತ್ರಕ್ಕೆ ಒಬ್ಬ ಜೊತೆಗಾರನಿದ್ದಾನೆ. ಖಗೋಳ ವಿಜ್ಞಾನಿಗಳನ್ನು ದಶಕಗಳ ಕಾಲ ತಬ್ಬಿಬ್ಬು ಮಾಡಿದವನು ಇವನೇ.

ಲುಬ್ಧಕ ನೇರವಾಗಿ ಸಾಗದೆ ಓಲಾಡುತ್ತಿದೆ, ಕಾಣದ ಯಾವುದೋ ಕಾಯ ಅದನ್ನು ಎಳೆಯುತ್ತಿದೆ ಎಂದು 1844ರಲ್ಲಿ ಜರ್ಮನಿಯ ಬೆಸೆಲ್ ಹೇಳಿದ. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕವೊಂದನ್ನು ಪರೀಕ್ಷಿಸುತ್ತಿದ್ದಾಗ ಲುಬ್ಧಕದ ಪಕ್ಕದಲ್ಲೇ ಮಂಕು ಚುಕ್ಕೆಯೊಂದು ಕಂಡಿತು. ಇಷ್ಟು ಮಂಕಾಗಿದ್ದರೆ ಅದು ತಣ್ಣಗಾದ ಕೆಂಪು ನಕ್ಷತ್ರವೇ ಇರಬೇಕು ಎಂದು ಊಹಿಸುವುದು ಸಹಜ. ಆದರೆ 1915ರಲ್ಲಿ ವಾಲ್ಟರ್ ಆಡಮ್ಸ್ ಅದರ ಬೆಳಕಿನ ರೋಹಿತವನ್ನು ಪರಿಶೀಲಿಸಿದಾಗ ಕಂಡದ್ದು ಕಾದ ಬಿಳಿ ನಕ್ಷತ್ರದ ಗುರುತು!

ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದರ ಅರ್ಥ ಹೊಳೆಯುತ್ತದೆ. ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ನಕ್ಷತ್ರಗಳ ಬಣ್ಣವೂ ಅಷ್ಟೇ, ಅದು ಅವುಗಳ ಮೈಬಿಸಿಯ ಅಳತೆಗೋಲು. ಮೈ ಅಷ್ಟು ಬಿಸಿಯಿದ್ದೂ ಬೆಳಕು ಕಡಿಮೆ ಎಂದರೆ ಮೈಯೇ ಚಿಕ್ಕದು ಎಂದಾಯಿತು. ಲುಬ್ಧಕದ ಜೊತೆಗಾರನ ಮೇಲ್ಮೈ ಉಷ್ಣತೆ ಸುಮಾರು 25,000 ಡಿಗ್ರಿ. ತೂಕ ಸೂರ್ಯನಷ್ಟು. ಗಾತ್ರ ಮಾತ್ರ ಭೂಮಿಗಿಂತ ತುಸು ಕಡಿಮೆ! ಅದರ ಒಂದು ಚಮಚ ದ್ರವ್ಯ ಹತ್ತು ಟನ್ನಿಗೂ ಹೆಚ್ಚು ತೂಗುತ್ತದೆ.

ಇಂಥ ನಕ್ಷತ್ರಗಳಿಗೆ ‘ಶ್ವೇತಕುಬ್ಜ’ ಎಂಬರ್ಥದ ಹೆಸರಿಟ್ಟವನು ವಿಲೆಮ್ ಲೈಟನ್. ಅದು 1922ರಲ್ಲಿ. ಮೊದಲು ಸಿಕ್ಕವುಗಳಲ್ಲಿ ಕೆಲವು ಬೆಳ್ಳಗಿದ್ದವು, ಹೆಸರು ಅಂಟಿಕೊಂಡಿತು. ಆದರೆ ಎಲ್ಲ ಶ್ವೇತಕುಬ್ಜಗಳೂ ಬಿಳಿಯಲ್ಲ. ಹೊಸದಾಗಿ ಹುಟ್ಟಿದವುಗಳ ಉಷ್ಣತೆ ಒಂದು ಲಕ್ಷ ಡಿಗ್ರಿಯನ್ನೂ ಮೀರುತ್ತದೆ, ಅವುಗಳ ಬಣ್ಣ ನೀಲಿಛಾಯೆಯದು. 1917ರಲ್ಲಿ ವಾನ್ ಮಾನೆನ್ ಮೀನ ರಾಶಿಯಲ್ಲಿ ಕಂಡುಹಿಡಿದ ಕುಬ್ಜದ ಉಷ್ಣತೆ ಸುಮಾರು 6,000 ಡಿಗ್ರಿ, ಬಣ್ಣ ಹೆಚ್ಚುಕಡಿಮೆ ಸೂರ್ಯನದೇ. 4,000 ಡಿಗ್ರಿಗೆ ಇಳಿದ ಮುದಿ ಕುಬ್ಜಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ.

ಕಾರಣ ಸರಳ. ಶ್ವೇತಕುಬ್ಜ ಉರಿಯುವ ಒಲೆಯಲ್ಲ, ಆರುತ್ತಿರುವ ಕೆಂಡ. ಸಾಧಾರಣ ನಕ್ಷತ್ರವೊಂದು ತನ್ನ ಇಂಧನ ಮುಗಿದಾಗ ಕೆಂಪುದೈತ್ಯವಾಗಿ ಉಬ್ಬಿ, ಹೊರಮೈಯನ್ನು ಆಕಾಶಕ್ಕೆ ತೂರಿಬಿಡುತ್ತದೆ. ಉಳಿಯುವುದು ಬಹುಪಾಲು ಇಂಗಾಲ ಮತ್ತು ಆಮ್ಲಜನಕದ ತಿರುಳು. ಒಳಗೆ ಬೆಂಕಿಯಿಲ್ಲದಿದ್ದರೂ ಅದು ಕುಸಿಯುವುದಿಲ್ಲವೇಕೆ? ಒತ್ತಟ್ಟಾದ ಇಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲೊಲ್ಲವು. ಅವುಗಳ ಈ ಪ್ರತಿರೋಧವೇ ಭಾರವನ್ನು ಹೊರುತ್ತದೆ ಎಂದು 1926ರಲ್ಲಿ ಫೌಲರ್ ವಿವರಿಸಿದ.

ಈ ಪ್ರತಿರೋಧಕ್ಕೂ ಒಂದು ಮಿತಿಯಿದೆ ಎಂದು ತೋರಿಸಿದವರು ಭಾರತೀಯರು. 1930ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹಡಗೇರಿದ 19ರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್, ಪ್ರಯಾಣದಲ್ಲೇ ಲೆಕ್ಕ ಆರಂಭಿಸಿದರು. ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ತೂಕವಿದ್ದರೆ ಶ್ವೇತಕುಬ್ಜ ನಿಲ್ಲಲಾರದು, ಕುಸಿಯಲೇಬೇಕು ಎಂಬುದು ಅವರ ತೀರ್ಮಾನ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಅವರು ಇದನ್ನು ಮಂಡಿಸಿದಾಗ, ಅಂದಿನ ದಿಗ್ಗಜ ಎಡಿಂಗ್ಟನ್ ಎದ್ದುನಿಂತು ಗೇಲಿ ಮಾಡಿದರು. ಖಾಸಗಿಯಾಗಿ ಚಂದ್ರಶೇಖರರನ್ನು ಒಪ್ಪಿದ ಭೌತವಿಜ್ಞಾನಿಗಳೂ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಅವರು ಜಗಳಕ್ಕಿಳಿಯದೆ 1939ರಲ್ಲಿ ಎಲ್ಲವನ್ನೂ ಪುಸ್ತಕವಾಗಿ ಬರೆದಿಟ್ಟು ಬೇರೆ ವಿಷಯದತ್ತ ನಡೆದರು. ನೊಬೆಲ್ ಪ್ರಶಸ್ತಿ ಬಂದದ್ದು 1983ರಲ್ಲಿ. ನ್ಯೂಟ್ರಾನ್ ನಕ್ಷತ್ರ, ಕಪ್ಪುಕುಳಿಗಳ ಬಾಗಿಲು ತೆರೆದದ್ದು ಆ ಮಿತಿಯೇ.

ನಮ್ಮ ಸೂರ್ಯನ ತೂಕ ಆ ಮಿತಿಯೊಳಗೇ ಇದೆ. ಇನ್ನು ಸುಮಾರು 500 ಕೋಟಿ ವರ್ಷಗಳಿಗೆ ಅವನ ಇಂಧನ ಮುಗಿದು, ಮುಂದೆ ಅವನೂ ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜವಾಗುತ್ತಾನೆ. ನೀಲಿಯಿಂದ ಬಿಳಿಗೆ, ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತಾ ಕೊನೆಗೊಮ್ಮೆ ಪೂರ್ತಿ ಕಪ್ಪಾಗುತ್ತಾನೆ. ಹಾಗೆ ಕಪ್ಪಾದ ಕುಬ್ಜ ವಿಶ್ವದಲ್ಲಿ ಇನ್ನೂ ಒಂದೂ ಇಲ್ಲ. ಅಷ್ಟು ತಣ್ಣಗಾಗಲು ವಿಶ್ವದ 1,380 ಕೋಟಿ ವರ್ಷಗಳ ಆಯುಸ್ಸೂ ಸಾಕಾಗಿಲ್ಲ!