ಯಾವ ಅಂಕವನ್ನು ಕಳುಹಿಸಬೇಕು?

ನಮ್ಮಲ್ಲಿ ಅಂಕಪಟ್ಟಿಯೆಂಬುದು ಮುಚ್ಚಿಡುವ ವಸ್ತುವಲ್ಲ. ಬಂದ ಅಂಕ ಕಡಮೆಯಿರಲಿ, ಹೆಚ್ಚಿರಲಿ, ಅರ್ಜಿಯೊಡನೆ ಲಗತ್ತಿಸಲೇಬೇಕು. ಅಮೆರಿಕದ ಹೆಸರಾಂತ ಕಾಲೇಜುಗಳ ಪದ್ಧತಿ ಬೇರೆ. ಯಾವ ಅಂಕವನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅಲ್ಲಿ ಹಲವು ವೇಳೆ ವಿದ್ಯಾರ್ಥಿಯೇ ನಿರ್ಧರಿಸಬೇಕು. ಅಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿಯೂ, ಮಕ್ಕಳನ್ನು ಇಲ್ಲಿಂದ ಕಳುಹಿಸಲು ಹವಣಿಸುವವರಲ್ಲಿಯೂ ಈ ಪ್ರಶ್ನೆ ಏಳುವುದನ್ನು ನಾನು ಕೇಳಿದ್ದೇನೆ.

ಅಲ್ಲಿಯ ಪ್ರಮುಖ ಪರೀಕ್ಷೆಗಳು ಎರಡು. ಎಸ್.ಎ.ಟಿ. 1926ರಲ್ಲಿಯೂ ಎ.ಸಿ.ಟಿ. 1959ರಲ್ಲಿಯೂ ಆರಂಭವಾದವು. ಮೊದಲನೆಯದರಲ್ಲಿ ಓದು-ಬರಹಕ್ಕೆ 800, ಗಣಿತಕ್ಕೆ 800, ಒಟ್ಟು 1600 ಅಂಕಗಳು. ಎರಡನೆಯದರಲ್ಲಿ ಗರಿಷ್ಠ ಅಂಕ 36. ಇವನ್ನು ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು. ಎಸ್.ಎ.ಟಿ.ಯಲ್ಲಿ ಯಾವ ದಿನದ ಫಲಿತಾಂಶವನ್ನು ಕಳುಹಿಸಬೇಕೆಂದು ಆರಿಸಿಕೊಳ್ಳುವ ಅವಕಾಶ 2009ರಲ್ಲಿ ದೊರೆಯಿತು. ಆದರೆ ಒಂದು ದಿನದ ಗಣಿತವನ್ನಷ್ಟೇ ಬೇರ್ಪಡಿಸಿ ಕಳುಹಿಸಲಾಗದು. ಆ ದಿನದ ಫಲಿತಾಂಶ ಇಡಿಯಾಗಿ ಹೋಗಬೇಕು.

ಆದಕಾರಣ ಮೊದಲು ಓದಬೇಕಾದುದು ಆಯಾ ಕಾಲೇಜಿನ ನಿಯಮವನ್ನು. ಬರೆದ ಎಲ್ಲ ಫಲಿತಾಂಶಗಳನ್ನೂ ಕೇಳುವ ಕಾಲೇಜುಗಳುಂಟು. ಅಲ್ಲಿ ಆಯ್ಕೆಯ ಮಾತೇ ಇಲ್ಲ. ಬೇರೆ ಬೇರೆ ದಿನಗಳ ಉತ್ತಮ ಅಂಕಗಳನ್ನು ತಾವೇ ಕೂಡಿಸಿಕೊಳ್ಳುವ ಕಾಲೇಜುಗಳೂ ಉಂಟು. ಒಬ್ಬಳು ಮೊದಲ ಸಲ ಓದು-ಬರಹದಲ್ಲಿ 700, ಗಣಿತದಲ್ಲಿ 650 ಪಡೆದಳೆನ್ನೋಣ. ಎರಡನೆಯ ಸಲ ಕ್ರಮವಾಗಿ 660, 740. ಮೊತ್ತಗಳು 1350 ಮತ್ತು 1400. ಎರಡನ್ನೂ ಕಳುಹಿಸಿದರೆ ಅವಳ ಲೆಕ್ಕ 1440 ಆಗುತ್ತದೆ. ಹೆಚ್ಚಿನದನ್ನಷ್ಟೇ ಕಳುಹಿಸಿದವಳಿಗೆ ಇಲ್ಲಿ ನಷ್ಟವೇ ಸರಿ.

2020ರ ಸಾಂಕ್ರಾಮಿಕದ ಕಾಲದಲ್ಲಿ ಅನೇಕ ಕಾಲೇಜುಗಳು ಅಂಕ ಕಳುಹಿಸುವುದನ್ನೇ ಐಚ್ಛಿಕಗೊಳಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 2021ರಲ್ಲಿ ಪ್ರವೇಶಕ್ಕೆ ಈ ಅಂಕಗಳನ್ನು ನೋಡುವುದನ್ನೇ ಕೈಬಿಟ್ಟಿತು. ಎಂ.ಐ.ಟಿ. 2022ರಲ್ಲಿ, ಡಾರ್ಟ್‌ಮತ್ ಮತ್ತು ಹಾರ್ವರ್ಡ್ 2024ರಲ್ಲಿ, ಪರೀಕ್ಷೆ ಮತ್ತೆ ಬೇಕೆಂದು ಸಾರಿದವು.

ಐಚ್ಛಿಕವೆಂದಿರುವಲ್ಲಿಯೇ ನಿಜವಾದ ತೊಡಕು. ಪ್ರವೇಶ ಪಡೆದವರಲ್ಲಿ ನಡುವಿನ ಅರ್ಧದಷ್ಟು ಮಂದಿಯ ಅಂಕಗಳು ಎಲ್ಲಿಂದ ಎಲ್ಲಿಯವರೆಗೆ ಇವೆಯೆಂದು ಕಾಲೇಜುಗಳು ಪ್ರಕಟಿಸುವುದುಂಟು. ತನ್ನ ಅಂಕ ಆ ಎಲ್ಲೆಯೊಳಗಿದ್ದರೆ ಕಳುಹಿಸು, ಕೆಳಗಿದ್ದರೆ ಬಿಡು ಎಂಬುದು ರೂಢಿಯ ಸಲಹೆ. ಈ ಸಲಹೆ ಅರ್ಧ ಸತ್ಯ. ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರು ನಡೆಸಿದ ಅಧ್ಯಯನವೊಂದು, ಅನುಕೂಲವಿಲ್ಲದ ಮನೆಗಳ ಕೆಲವು ಮಕ್ಕಳು ತಮಗೆ ನೆರವಾಗಬಹುದಾಗಿದ್ದ ಅಂಕಗಳನ್ನೇ ತಡೆಹಿಡಿದಿದ್ದರೆಂದು ತೋರಿಸಿಕೊಟ್ಟಿತು. ಅಲ್ಲಿ ಅಂಕವನ್ನು ಓದುವವರು ವಿದ್ಯಾರ್ಥಿಯ ಶಾಲೆಯನ್ನೂ ನೋಡುತ್ತಾರೆ. ಬಹುಮಂದಿ 1000ದ ಸುತ್ತಮುತ್ತ ನಿಲ್ಲುವ ಶಾಲೆಯಿಂದ ಬಂದ 1400, ಸಿರಿವಂತ ಶಾಲೆಯ 1400ರಂತಲ್ಲ. ಈ ಗುಟ್ಟನ್ನು ಉಳ್ಳವರ ಮಕ್ಕಳಿಗೆ ಸಲಹೆಗಾರರು ತಿಳಿಸುತ್ತಾರೆ. ಇಲ್ಲದವರ ಮಕ್ಕಳು ಸಂಕೋಚದಿಂದ ಅಂಕವನ್ನು ಬಚ್ಚಿಡುತ್ತಾರೆ. ಎಲ್ಲರಿಗೂ ಸಮನಾಗಿ ಕೊಟ್ಟ ಸ್ವಾತಂತ್ರ್ಯವು ತಿಳಿದವನಿಗೆ ಊರುಗೋಲಾಗಿ, ತಿಳಿಯದವನಿಗೆ ಎಡರಾಗಿ ಪರಿಣಮಿಸುವ ಬಗೆ ಇದು.

ಬಹುಕಾಲ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ತೋರುವುದಿಷ್ಟು: ಅಂಕಿಗೆ ತಾನಾಗಿ ಅರ್ಥವಿಲ್ಲ, ಶಬ್ದಕ್ಕಿರುವಂತೆ ಅದಕ್ಕೂ ಸಂದರ್ಭವೇ ಅರ್ಥವನ್ನು ಕೊಡುತ್ತದೆ. ಆದುದರಿಂದ ಅಂಕವನ್ನು ಬಿಡುವ ಮುನ್ನ ಆ ಕಾಲೇಜಿನ ಎಲ್ಲೆಯೊಡನೆ ತನ್ನ ಶಾಲೆಯ ಮಟ್ಟವನ್ನೂ ಇಟ್ಟು ನೋಡಬೇಕು. ಶಾಲೆಯವರನ್ನು ಕೇಳಬೇಕು, ಸಂದೇಹ ಉಳಿದರೆ ಕಾಲೇಜಿನ ಪ್ರವೇಶ ಕಚೇರಿಗೇ ಬರೆದು ವಿಚಾರಿಸಬೇಕು. ಕೇಳುವುದರಲ್ಲಿ ನಾಚಿಕೆಯಿಲ್ಲ.