ಹದಿನಾರು ಕಿಲೋಮೀಟರಿನ ಲೆಕ್ಕ: ಅಣುಸ್ಥಾವರಗಳ ಸುರಕ್ಷತೆ ಮತ್ತು ನಮ್ಮ ಪಾಲು

ನಾನು ವಿಜ್ಞಾನಿಯಲ್ಲ, ಲೆಕ್ಕಪರಿಶೋಧನೆ ನನ್ನ ಕಸುಬು. ಆದರೂ ಅಣುವಿದ್ಯುತ್ ಸ್ಥಾವರಗಳ ಬಗ್ಗೆ ಮಾತಾಡಲು ಒಪ್ಪಿಕೊಂಡದ್ದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಆಯಿ ಊರಿಂದ ಆರು ತಿಂಗಳಿಗೆಂದು ನಮ್ಮ ಹಂಟರ್ಸ್‌ವಿಲ್ ಮನೆಗೆ ಬಂದಿದ್ದಳು. ಒಂದು ದಿನ ಮಧ್ಯಾಹ್ನ ಸೈರನ್ ಕೂಗಿತು. ನಾನು ಆಫೀಸಿನಲ್ಲಿದ್ದೆ. ಆಯಿ ಫೋನ್ ಮಾಡಿ, "ಅದೆಂತದೋ ಕೂಗ್ತಾ ಇದೆ, ನಾನು ಒಳಗೇ ಇರಲೋ, ಹೊರಗೆ ಹೋಗಲೋ?" ಎಂದು ಕೇಳಿದಳು. ಅದು ಬರೀ ಪರೀಕ್ಷೆಯ ಸೈರನ್ ಎಂದು ಸಮಾಧಾನ ಹೇಳಿದೆ. ನಿಜವಾದದ್ದೇ ಆಗಿದ್ದರೆ ಏನು ಮಾಡಬೇಕಿತ್ತು ಎಂಬುದು ನನಗೂ ಗೊತ್ತಿರಲಿಲ್ಲ. ಅಂಚೆಯಲ್ಲಿ ಬಂದಿದ್ದ ತುರ್ತು ಮಾಹಿತಿ ಪುಸ್ತಿಕೆಯನ್ನು ಜಾಹೀರಾತುಗಳ ಜೊತೆ ಎಸೆದಿದ್ದೆ.

ಷಾರ್ಲೆಟ್‌ನ ವಾಯವ್ಯಕ್ಕೆ ಲೇಕ್ ನಾರ್ಮನ್ ದಡದಲ್ಲಿ ಮಗ್ವಾಯರ್ ಸ್ಥಾವರವಿದೆ. ನೈಋತ್ಯಕ್ಕೆ, ದಕ್ಷಿಣ ಕೆರೊಲಿನಾದ ಲೇಕ್ ವೈಲಿ ದಡದಲ್ಲಿ ಕಟಾಬಾ ಸ್ಥಾವರವಿದೆ. ಎರಡನ್ನೂ ಡ್ಯೂಕ್ ಎನರ್ಜಿ ನಡೆಸುತ್ತದೆ. ಒಂದೊಂದರ ಸುತ್ತಲೂ ಹತ್ತು ಮೈಲಿ, ಅಂದರೆ 16 ಕಿ.ಮೀ. ತುರ್ತು ಯೋಜನಾ ವಲಯ. ನನ್ನ ಊರು ಯಲ್ಲಾಪುರ ತಾಲೂಕಿನಲ್ಲಿದೆ. ಘಟ್ಟ ಇಳಿದರೆ ಕಾಳಿ ನದಿಯ ದಡದಲ್ಲಿ ಕೈಗಾ, ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು. ಅಲ್ಲಿಯೂ ತುರ್ತು ಯೋಜನಾ ವಲಯ 16 ಕಿ.ಮೀ. ನನ್ನ ಎರಡು ಊರುಗಳಿಗೂ ಒಂದೇ ಲೆಕ್ಕ ಅನ್ವಯಿಸುತ್ತದೆ ಎಂದು ಆಗ ಹೊಳೆಯಿತು.

ಈ ವ್ಯವಸ್ಥೆ ಬೆಳೆದದ್ದು ಅಪಘಾತಗಳಿಂದ ಕಲಿತ ಪಾಠಗಳಿಂದ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್‌ನಲ್ಲಿ ರಿಯಾಕ್ಟರಿನ ಒಳಭಾಗ ಅರ್ಧದಷ್ಟು ಕರಗಿತು. ಅದೇ ವರ್ಷ ಅಮೆರಿಕದ ಅಣುವಿದ್ಯುತ್ ಕಂಪನಿಗಳು ಸೇರಿ ಇನ್ಪೋ ಎಂಬ ಸಂಸ್ಥೆ ಕಟ್ಟಿದವು. ನಮ್ಮ ಪಕ್ಕದ ಅಟ್ಲಾಂಟಾದಲ್ಲೇ ಅದರ ಕಚೇರಿ. ಒಂದು ಸ್ಥಾವರದ ಅನುಭವಿಗಳು ಇನ್ನೊಂದಕ್ಕೆ ಹೋಗಿ ಲೋಪ ಹುಡುಕುವುದು ಅದರ ಕ್ರಮ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟಿಸಿತು. ಸೋವಿಯತ್ ಸರ್ಕಾರ ಹೊರಗೆ ಬಾಯಿ ಬಿಡಲಿಲ್ಲ. 28ರ ಬೆಳಿಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಒಬ್ಬ ನೌಕರನ ಬೂಟಿನಲ್ಲಿ ವಿಕಿರಣ ಪತ್ತೆಯಾಯಿತು. ಹುಡುಕುತ್ತಾ ಹೋದರೆ ಅದು ಗಾಳಿಯಲ್ಲಿ ಬಂದದ್ದು! ಅದಾದ ಐದೇ ತಿಂಗಳಲ್ಲಿ, ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಆಶ್ರಯದಲ್ಲಿ ಎರಡು ಒಪ್ಪಂದಗಳಾದವು. ಒಂದು, ಗಡಿ ದಾಟಬಹುದಾದ ಅಪಘಾತವನ್ನು ಕೂಡಲೇ ತಿಳಿಸುವುದು. ಇನ್ನೊಂದು, ಕೇಳಿದವರಿಗೆ ನೆರವು ಕೊಡುವುದು. ಭಾರತ 1988ರಲ್ಲಿ ಎರಡನ್ನೂ ಅನುಮೋದಿಸಿತು. 1989ರಲ್ಲಿ ವ್ಯಾನೋ ಎಂಬ ಜಾಗತಿಕ ಸಂಘ ಹುಟ್ಟಿತು. ಮಗ್ವಾಯರ್ ನಡೆಸುವವರೂ ಕೈಗಾ ನಡೆಸುವವರೂ ಅದರ ಸದಸ್ಯರು.

ನನ್ನ ಕಸುಬಿನ ಭಾಷೆಯಲ್ಲಿ ಇದು ಪೀರ್ ರಿವ್ಯೂ. ನಾನು ಮಾಡಿದ ಆಡಿಟ್ ಸರಿ ಇದೆಯೇ ಎಂದು ಇನ್ನೊಬ್ಬ ಆಡಿಟರ್ ಬಂದು ನೋಡುತ್ತಾನೆ. ದಿನಾ ನೋಡಿ ರೂಢಿಯಾದ ಕಣ್ಣಿಗೆ ಲೋಪ ಕಾಣುವುದಿಲ್ಲ, ಹೊರಗಿನವರಿಗೆ ಕಾಣುತ್ತದೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ, ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋಯಿತು. ಪತ್ತೆಯಾದದ್ದು ನೌಕರರ ಮೂತ್ರದ ವಾಡಿಕೆಯ ತಪಾಸಣೆಯಲ್ಲಿ. ದಾಖಲೆ ಖುಷಿ ಕೊಡುತ್ತದೆ, ಕಾಪಾಡುವುದು ಬೇಸರ ಬರಿಸುವ ಈ ವಾಡಿಕೆಯ ತಪಾಸಣೆಯೇ.

ಕೊರತೆಗಳನ್ನೂ ಹೇಳಬೇಕು. ವ್ಯಾನೋ ವರದಿಗಳು ಸಾರ್ವಜನಿಕರ ಕೈಗೆ ಸಿಗುವುದಿಲ್ಲ. 1994ರ ಪರಮಾಣು ಸುರಕ್ಷತಾ ಒಪ್ಪಂದದ ಪ್ರಕಾರ ದೇಶಗಳು ತಮ್ಮ ವರದಿಯನ್ನು ಉಳಿದ ದೇಶಗಳ ಮುಂದಿಟ್ಟು ಪ್ರಶ್ನೆಗಳಿಗೆ ಉತ್ತರಿಸಬೇಕು, ಆದರೆ ತಪ್ಪಿದವರಿಗೆ ದಂಡವಿಲ್ಲ. ಹಾಗೆಂದು ಇದು ಕಾಗದದ ಹುಲಿಯಲ್ಲ. ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತಿವೆ, ಕಾರ್ಗಿಲ್ ಯುದ್ಧದ ನಂತರವೂ ನಿಲ್ಲಿಸಲಿಲ್ಲ. ಮಾತು ಬಿಟ್ಟವರೂ ಲೆಕ್ಕ ಒಪ್ಪಿಸಬಲ್ಲರು.

ಇಲ್ಲಿಯ ನಿಯಮದಂತೆ, ತುರ್ತುಸ್ಥಿತಿ ಘೋಷಿಸಿದ ಹದಿನೈದು ನಿಮಿಷದೊಳಗೆ ಸ್ಥಾವರದವರು ರಾಜ್ಯಕ್ಕೂ ಕೌಂಟಿಗೂ ತಿಳಿಸಬೇಕು. ವಿಯೆನ್ನಾದಿಂದ ಕೌಂಟಿಯವರೆಗೆ ಸರಪಳಿ ಇದೆ. ಅದರ ಕೊನೆಯ ಕೊಂಡಿ ಇಂಗ್ಲಿಷ್ ಬಾರದೆ ಮನೆಯಲ್ಲಿ ಒಬ್ಬರೇ ಇರುವ ನಮ್ಮ ತಂದೆತಾಯಿ. ಅದನ್ನು ಬೆಸೆಯುವ ಕೆಲಸ ಯಾವ ಒಪ್ಪಂದವೂ ಮಾಡುವುದಿಲ್ಲ, ನಾವೇ ಮಾಡಬೇಕು.

ನಾನು ಮಾಡಿದ್ದು ಇಷ್ಟು. ಪುಸ್ತಿಕೆ ತರಿಸಿ ನಮ್ಮ ಮನೆ ಯಾವ ವಲಯದಲ್ಲಿದೆ ಎಂದು ನೋಡಿದೆ. ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: "ಸೈರನ್ ಕೂಗಿದರೆ ಓಡಬೇಡ. ಒಳಗೆ ಬಂದು ಬಾಗಿಲು ಕಿಟಕಿ ಹಾಕು, ಟಿವಿ ಹಚ್ಚು, ನನಗೆ ಫೋನ್ ಮಾಡು. ನಾನು ಸಿಗದಿದ್ದರೆ ಪಕ್ಕದ ಮನೆಯವರ ಬಾಗಿಲು ತಟ್ಟು." ವಲಯದ ನಿವಾಸಿಗಳಿಗೆ ಕೌಂಟಿ ಆರೋಗ್ಯ ಇಲಾಖೆ ಉಚಿತವಾಗಿ ಕೊಡುವ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ತಂದಿಟ್ಟೆ. ಅದು ಥೈರಾಯ್ಡ್ ಗ್ರಂಥಿಯನ್ನು ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ ಕಾಪಾಡುತ್ತದೆ, ಅಧಿಕಾರಿಗಳು ಹೇಳಿದಾಗಷ್ಟೇ ನುಂಗಬೇಕು ಎಂದೂ ಬರೆದೆ.

ಆಯಿ ಊರಿಗೆ ಹೊರಟಾಗ ಆ ಚೀಟಿಯನ್ನು ಕಿತ್ತು ಚೀಲದಲ್ಲಿಟ್ಟುಕೊಂಡಳು. "ಕೈಗಾ ಹತ್ತಿರ ನಮ್ಮ ನೆಂಟರಿದ್ದಾರಲ್ಲ, ಅವರ ಮನೆಯಲ್ಲಿ ಇಂಥದ್ದು ಇದೆಯೋ ಇಲ್ಲವೋ ಕೇಳ್ತೇನೆ" ಎಂದಳು. ನಾನು ಇನ್ನೊಂದು ಪ್ರತಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.