ಮೂತ್ರದಲ್ಲಿ ಕ್ಯಾನ್ಸರ್ ಸುಳಿವು: ಪುಟ್ಟ ಚಿಪ್ ಕೆಲಸ ಮಾಡುವ ಬಗೆ

ಮೂತ್ರಕೋಶದ ಕ್ಯಾನ್ಸರ್ ಮರುಕಳಿಸುವುದೇ ಹೆಚ್ಚು. ಗಡ್ಡೆ ತೆಗೆದ ಮೇಲೂ ರೋಗಿಗೆ ವರ್ಷಗಟ್ಟಲೆ ತಪಾಸಣೆ ತಪ್ಪದು. ಅಪಾಯ ಹೆಚ್ಚಿರುವವರಿಗೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ, ಅಂದರೆ ಮೂತ್ರದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ಒಳಗೆ ನೋಡುವ ಪರೀಕ್ಷೆ. ನೋವು, ಉರಿ, ಸೋಂಕಿನ ಭಯ, ಖರ್ಚು ಎಲ್ಲವೂ ಜೊತೆಗೇ ಬರುತ್ತವೆ. ಆದರೆ ಮೂತ್ರಕೋಶದ ಒಳಗೋಡೆಯನ್ನು ಮೂತ್ರ ಗಂಟೆಗಟ್ಟಲೆ ತೋಯಿಸಿಯೇ ಹೊರಬರುತ್ತದೆ. ಗಡ್ಡೆಯಿಂದ ಕಳಚಿದ ಜೀವಕೋಶ, ಪ್ರೋಟೀನು, ಆರ್‌ಎನ್‌ಎ ಚೂರುಗಳು ಅದರಲ್ಲೇ ಇರುತ್ತವೆ. ಇವನ್ನು ಓದುವ ಪ್ರಯೋಗಾಲಯವನ್ನೇ ಅಂಗೈ ಮೇಲಿನ ಚಿಪ್‌ಗೆ ಇಳಿಸುವುದು ವಿಜ್ಞಾನಿಗಳ ಗುರಿ.

ಮೂತ್ರದಲ್ಲಿ ಕ್ಯಾನ್ಸರ್ ಹುಡುಕುವುದು ಹಳೆಯ ವಿದ್ಯೆ. 1840ರ ದಶಕದಲ್ಲೇ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬ ರೋಗಿಯ ಮೂತ್ರದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಗುರುತಿಸಿದರು. ಅದು ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ನ ಗುರುತಾಗಿತ್ತು. ಮೂತ್ರಕೋಶದ ಕ್ಯಾನ್ಸರ್‌ಗಾಗಿ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಎನ್‌ಎಂಪಿ22 ಪಟ್ಟಿ ಪರೀಕ್ಷೆಗೆ ನಾಲ್ಕು ಹನಿ ಮೂತ್ರ ಸಾಕು, ಅರ್ಧ ಗಂಟೆಯಲ್ಲಿ ಪಟ್ಟಿಯ ಮೇಲೆ ಗೆರೆ ಮೂಡುತ್ತದೆ. ಆದರೆ ಮೂತ್ರದ ಸೋಂಕು, ಕಲ್ಲು ಇದ್ದರೂ ಆ ಗೆರೆ ಮೂಡಬಹುದು. ಹೀಗಾಗಿ ಹಲವು ಗುರುತುಗಳನ್ನು ಒಟ್ಟಿಗೆ, ಪ್ರಮಾಣಸಹಿತ ಅಳೆಯುವ ಚಿಪ್ ಬೇಕಾಗಿದೆ.

ಚಿಪ್ ತಯಾರಿ

ಮೊದಲು ಅಚ್ಚು ಸಿದ್ಧವಾಗಬೇಕು. ಸಿಲಿಕಾನ್ ಬಿಲ್ಲೆಗೆ ಬೆಳಕಿಗೆ ಗಟ್ಟಿಯಾಗುವ ಅಂಟು ಬಳಿದು, ನಾಲೆಗಳ ನಕ್ಷೆಯ ಮೂಲಕ ಅತಿನೇರಳೆ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಏಣು ಉಳಿಯುತ್ತದೆ. ಅದರ ಮೇಲೆ ಪಿಡಿಎಂಎಸ್ ಎಂಬ ಪಾರದರ್ಶಕ ಸಿಲಿಕೋನನ್ನು, ಸಾಮಾನ್ಯವಾಗಿ ಹತ್ತು ಪಾಲಿಗೆ ಒಂದು ಪಾಲು ಗಟ್ಟಿಕಾರಕ ಬೆರೆಸಿ, ಗುಳ್ಳೆ ತೆಗೆದು ಸುರಿಯುತ್ತಾರೆ. ಬಿಸಿ ಮಾಡಿ ಸುಲಿದರೆ ಕೂದಲೆಳೆಯಷ್ಟು ಅಗಲದ ನಾಲೆಗಳು ಮೂಡಿರುತ್ತವೆ. ಇದನ್ನು ಚಿನ್ನದ ಎಲೆಕ್ಟ್ರೋಡ್ ಇರುವ ಗಾಜಿಗೆ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಅನಿಲ, ಹಾಯಿಸಿ ಅಂಟಿಸುತ್ತಾರೆ.

ನಾಲೆ ಇಷ್ಟು ಕಿರಿದಾಗಿರುವುದಕ್ಕೆ ಕಾರಣವಿದೆ. ನಿಂತ ದ್ರವದಲ್ಲಿ ಒಂದು ಪ್ರೋಟೀನ್ ಅಣು ತಾನಾಗಿ ಒಂದು ಮಿಲಿಮೀಟರ್ ದೂರ ಹರಡಲು ಹೆಚ್ಚುಕಡಿಮೆ ಒಂದೂವರೆ ಗಂಟೆ ಬೇಕು. ಅದೇ 0.1 ಮಿಲಿಮೀಟರ್‌ಗೆ ಒಂದು ನಿಮಿಷ ಸಾಕು. ದೂರ ಹತ್ತು ಪಟ್ಟು ಇಳಿದರೆ ಸಮಯ ನೂರು ಪಟ್ಟು ಇಳಿಯುತ್ತದೆ.

ಹಿಡಿಯುವುದು, ಎಣಿಸುವುದು

ಚಿನ್ನದ ಮೇಲೆ ಬೇಕಾದ ಪ್ರೋಟೀನನ್ನಷ್ಟೇ ಹಿಡಿಯುವ ಪ್ರತಿಕಾಯಗಳನ್ನು ಕೂರಿಸಿರುತ್ತಾರೆ. ಖಾಲಿ ಉಳಿದ ಜಾಗಕ್ಕೆ ಬೇಡದ್ದು ಅಂಟದಂತೆ ಇನ್ನೊಂದು ಪ್ರೋಟೀನಿನಿಂದ ಮುಚ್ಚುತ್ತಾರೆ. ಮೂತ್ರ ಹರಿದಾಗ ಗುರುತಿನ ಅಣು ಪ್ರತಿಕಾಯಕ್ಕೆ ಸಿಕ್ಕಿಕೊಳ್ಳುತ್ತದೆ. ತೊಳೆದ ಮೇಲೆ ಕಿಣ್ವ ಕಟ್ಟಿದ ಎರಡನೇ ಪ್ರತಿಕಾಯ ಬಂದು ಅದೇ ಅಣುವನ್ನು ಮೇಲಿನಿಂದ ಹಿಡಿಯುತ್ತದೆ. ಬಳಿಕ ಹಾಯಿಸಿದ ರಾಸಾಯನಿಕವನ್ನು ಕಿಣ್ವ ಮಾರ್ಪಡಿಸಿದಾಗ ಎಲೆಕ್ಟ್ರೋಡಿನಲ್ಲಿ ವಿದ್ಯುತ್ ಹರಿಯುತ್ತದೆ. ಎಷ್ಟು ಅಣು ಸಿಕ್ಕಿವೆಯೋ ಅದಕ್ಕೆ ತಕ್ಕಷ್ಟು ಕರೆಂಟು.

ಪ್ರೋಟೀನು ಮಾತ್ರವಲ್ಲ, ಜೀವಕೋಶಗಳು ಹೊರಬಿಡುವ ಎಕ್ಸೋಸೋಮ್ ಎಂಬ ಸೂಕ್ಷ್ಮ ಚೀಲಗಳನ್ನೂ ಹಿಡಿಯಬಹುದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಸತುವಿನ ಆಕ್ಸೈಡಿನ ನ್ಯಾನೋ ತಂತಿಗಳನ್ನು ನಾಲೆಯೊಳಗೆ ನೆಟ್ಟು, ಒಂದು ಮಿಲಿಲೀಟರ್ ಮೂತ್ರದಿಂದ ಇಂಥ ಚೀಲಗಳನ್ನು ಸೆರೆಹಿಡಿದು, ಅವುಗಳೊಳಗಿನ ಮೈಕ್ರೋಆರ್‌ಎನ್‌ಎಗಳನ್ನು ಓದಿ ತೋರಿಸಿತು.

ಮೂತ್ರವೇ ಒಡ್ಡುವ ಸವಾಲು

ಪ್ರಯೋಗಾಲಯದ ಶುದ್ಧ ದ್ರಾವಣದಲ್ಲಿ ಚೆನ್ನಾಗಿ ನಡೆದ ಚಿಪ್ ನಿಜವಾದ ಮೂತ್ರದಲ್ಲಿ ಎಡವಬಹುದು. ಮೂತ್ರದ ಪಿಎಚ್ 4.5ರಿಂದ 8ರವರೆಗೆ ಓಲಾಡುತ್ತದೆ, ಉಪ್ಪಿನಂಶ ಊಟಕ್ಕೆ ತಕ್ಕಂತೆ ಬದಲಾಗುತ್ತದೆ. ನೀರು ಹೆಚ್ಚು ಕುಡಿದರೆ ಎಲ್ಲವೂ ತೆಳುವಾಗುತ್ತದೆ. ಇದಕ್ಕೆ ಉಪಾಯ, ದೇಹ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬಿಡುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನೂ ಅಳೆದು ಅದಕ್ಕೆ ಹೋಲಿಸಿ ಲೆಕ್ಕ ಹಾಕುವುದು. ಬೆಳಿಗ್ಗೆ ಗುರುತಿನ ಅಳತೆ 6, ಕ್ರಿಯಾಟಿನಿನ್ 150 ಎಂದುಕೊಳ್ಳಿ. ಮಧ್ಯಾಹ್ನ ಅವು 2 ಮತ್ತು 50 ಆದರೆ ಕಾಯಿಲೆ ಇಳಿದಿದೆ ಎಂದಲ್ಲ, ಅನುಪಾತ ಅದೇ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಹುಟ್ಟಿದ ಪಾಥ್‌ಶೋಧ್ ಕಂಪನಿಯ ಕೈಯಲ್ಲಿ ಹಿಡಿಯುವ ಸಾಧನ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡುವುದೂ ಇದೇ ತರ್ಕದಿಂದ. ಅಲ್ಲಿ ಗುರಿ ಕ್ಯಾನ್ಸರ್ ಅಲ್ಲ, ಮೂತ್ರಪಿಂಡದ ಆರೋಗ್ಯ.

ಯಾರಿಗೆ ಉಪಯೋಗ?

ಒಂದು ಲೆಕ್ಕ ನೋಡೋಣ. ಚಿಪ್ ಎಲ್ಲ ರೋಗಿಗಳನ್ನೂ ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ ಐವರನ್ನು ಮಾತ್ರ ತಪ್ಪಾಗಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಸಾಮಾನ್ಯ 1,000 ಜನರಲ್ಲಿ ಐವರಿಗೆ ಮಾತ್ರ ಕಾಯಿಲೆ ಇದ್ದರೆ, ಆ ಐವರ ಜೊತೆ ಸುಮಾರು 50 ಆರೋಗ್ಯವಂತರೂ ಸುಮ್ಮನೆ ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಅದೇ ಚಿಕಿತ್ಸೆ ಪಡೆದ 1,000 ಜನರಲ್ಲಿ 200 ಮಂದಿಗೆ ಮರುಕಳಿಸಿದ್ದರೆ, ತಪ್ಪು ಎಚ್ಚರಿಕೆ ಸಿಗುವುದು 40 ಮಂದಿಗೆ. ಉಳಿದ 760 ಮಂದಿಗೆ ಆ ಸಲದ ಸಿಸ್ಟೋಸ್ಕೋಪಿ ತಪ್ಪೀತು. ನಿಜವಾದ ಚಿಪ್ ಕೆಲವರನ್ನು ಬಿಟ್ಟೂಬಿಡಬಹುದು, ಆದ್ದರಿಂದ ಕೊಳವೆ ಪರೀಕ್ಷೆಯನ್ನು ಪೂರ್ತಿ ಕೈಬಿಡುವಂತಿಲ್ಲ. ಆದರೂ ಇಂಥ ಚಿಪ್‌ನಿಂದ ಮೊದಲು ನೆಮ್ಮದಿ ಸಿಗಬೇಕಾದದ್ದು ಈಗಾಗಲೇ ಚಿಕಿತ್ಸೆ ಪಡೆದು ತಪಾಸಣೆಗೆ ಅಲೆಯುತ್ತಿರುವ ಇವರಿಗೇ.

ಇನ್ನೊಂದು ಮಾತು. ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಂಡರೆ, ಅದೂ ಬೀಡಿ ಸಿಗರೇಟು ಸೇದುವವರಾದರೆ, ಒಂದೇ ಸಲ ಕಂಡು ನಿಂತುಹೋದರೂ ವೈದ್ಯರ ಬಳಿ ಹೋಗಿ. ಅದಕ್ಕೆ ಯಾವ ಚಿಪ್‌ಗೂ ಕಾಯಬೇಕಿಲ್ಲ.